ಪಕ್ಷದ ಪೋಷಕ ಕಾರ್ಡ್: ನಿಮ್ಮ ಕೈಯಲ್ಲಿರುವ ಚೀಟಿ ಏನು ಹೇಳುತ್ತದೆ?

ಪ್ರಶ್ನೆ: ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಬದಿಯಡ್ಕದಲ್ಲಿ ನನ್ನ ಹೆಸರಿನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದೆ. ವರ್ಷಕ್ಕೆ ಹದಿಮೂರು ಲಕ್ಷದ ಆಸುಪಾಸು ಲಾಭ ತೋರಿಸುತ್ತೇನೆ. ಚಿಕ್ಕಂದಿನಿಂದಲೂ ಒಂದು ಪಕ್ಷದ ಮೇಲೆ ಒಲವಿದೆ, ಆದರೆ ಸದಸ್ಯನಾಗಿರಲಿಲ್ಲ. ಕಳೆದ ತಿಂಗಳು ಆ ಪಕ್ಷದ ಪರಿಚಯದ ಹುಡುಗರು ಅಂಗಡಿಗೆ ಬಂದು ‘ಪೋಷಕ ಸದಸ್ಯತ್ವ’ ಅಂತ ಒಂದು ಯೋಜನೆ ಹೇಳಿದರು. ವರ್ಷಕ್ಕೆ 1,000, 5,000 ಮತ್ತು 25,000 ರೂಪಾಯಿಯ ಮೂರು ಮಟ್ಟ. 25,000ದ್ದಕ್ಕೆ ಫೋಟೋ ಇರುವ ಕಾರ್ಡ್, ಸಮ್ಮೇಳನದಲ್ಲಿ ಮುಂದಿನ ಸಾಲು, ದೊಡ್ಡ ನಾಯಕರ ಜೊತೆ ಊಟ. ‘ಪೂರ್ತಿ ತೆರಿಗೆ ವಿನಾಯಿತಿ ಇದೆ, ಪಂಚಾಯತಿನಲ್ಲಿ ಏನಾದರೂ ಕೆಲಸವಿದ್ದರೆ ಕಾರ್ಡ್ ತೋರಿಸಿದರೆ ಸಾಕು’ ಅಂದರು. ನಾನು 2,500 ನಗದು ಕೊಟ್ಟೆ. ಒಂದು ಚೀಟಿ ಕೊಟ್ಟರು, ಒಂದು ಫಾರ್ಮಿಗೆ ಸಹಿ ಹಾಕಿಸಿಕೊಂಡರು. ಎರಡೂ ಮಲಯಾಳದಲ್ಲಿವೆ, ನನಗೆ ಓದಲು ಸರಿಯಾಗಿ ಬರುವುದಿಲ್ಲ. ಉಳಿದ 22,500ನ್ನು ಒಬ್ಬರ ಮೊಬೈಲ್ ನಂಬರಿಗೆ ಯುಪಿಐ ಮಾಡಿ ಅನ್ನುತ್ತಿದ್ದಾರೆ. ಹೆಂಡತಿ ಸರಕಾರಿ ಕನ್ನಡ ಶಾಲೆಯ ಟೀಚರ್, ನಮ್ಮದು ಜಂಟಿ ಖಾತೆ. ದುಬೈಯಲ್ಲಿರುವ ಅಣ್ಣ ತಾನೂ ಸೇರುತ್ತೇನೆ ಅನ್ನುತ್ತಾನೆ. ಮಂಗಳೂರಿನ ಗೆಳೆಯರು ‘ನಮ್ಮ ಘಟಕಕ್ಕೆ ಕೊಡು, ಇಲ್ಲಿ ಎಲ್ಲಾ ಕನ್ನಡದಲ್ಲೇ ಆಗುತ್ತೆ’ ಅನ್ನುತ್ತಾರೆ. ಕೊಡಲು ಮನಸ್ಸಿದೆ, ಮೋಸ ಹೋಗಲು ಇಷ್ಟವಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದ ಕೊನೆಯ ಮಾತು ನನಗೆ ಬಹಳ ಹಿಡಿಸಿತು. ಇಷ್ಟವಿರುವ ಪಕ್ಷಕ್ಕೆ ಸ್ವಂತ ದುಡಿಮೆಯ ಹಣ ಕೊಡುವುದರಲ್ಲಿ ತಪ್ಪೇನಿಲ್ಲ. ಸಣ್ಣ ಅಂಗಡಿಯವರು, ಕೃಷಿಕರು, ಕೂಲಿಯವರು ಕೊಡುವ ನೂರು ಇನ್ನೂರರಿಂದ ಪಕ್ಷ ನಡೆದರೆ ಅದು ಒಳ್ಳೆಯದೇ ಅಂತ ನಂಬಿದವನು ನಾನು. ಅದಕ್ಕೇ ಕೊಡುವ ಹಣ ಸರಿಯಾದ ಕಡೆಗೆ ಹೋಗಬೇಕು, ಸರಿಯಾದ ಹೆಸರಿನಲ್ಲಿ ಹೋಗಬೇಕು. ಕಾಸರಗೋಡಿನಲ್ಲಿ ಲೆಕ್ಕಪತ್ರದ ಕೆಲಸ ಶುರು ಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ನಿಮ್ಮ ಹಾಗೆ ಚೀಟಿ ಹಿಡಿದುಕೊಂಡು ಬಂದವರನ್ನು ಎಲ್ಲಾ ಪಕ್ಷದವರಲ್ಲೂ ಕಂಡಿದ್ದೇನೆ. ನೀವು ಪಕ್ಷದ ಹೆಸರು ಬರೆದಿಲ್ಲ, ನನಗೂ ಬೇಡ. ಯಾವ ಪಕ್ಷವಾದರೂ ಉತ್ತರ ಇದೇ.

ಮೊದಲು ನೀವು ಕಳುಹಿಸಿದ ಚೀಟಿಯ ಫೋಟೋ ನೋಡೋಣ. ಅದರಲ್ಲಿ ಮೊತ್ತದ ಎದುರು ‘ವರಿಸಂಖ್ಯ’ ಅಂತ ಅಚ್ಚಾಗಿದೆ. ಮಲಯಾಳದಲ್ಲಿ ವರಿಸಂಖ್ಯ ಅಂದರೆ ಚಂದಾ. ಪತ್ರಿಕೆಯ ಚಂದಾಕ್ಕೂ ಅದೇ ಪದ, ಸಂಘದ ವಾರ್ಷಿಕ ಚಂದಾಕ್ಕೂ ಅದೇ ಪದ. ದೇಣಿಗೆಗೆ ಅಲ್ಲಿ ‘ಸಂಭಾವನ’ ಅನ್ನುತ್ತಾರೆ. ಇಲ್ಲೇ ನಮ್ಮವರು ಎಡವುವುದು. ಕನ್ನಡದಲ್ಲಿ ಸಂಭಾವನೆ ಅಂದರೆ ಮಾಡಿದ ಕೆಲಸಕ್ಕೆ ಕೊಡುವ ಹಣ. ಹಾಗಾಗಿ ಸಂಭಾವನ ಅಂತ ಬರೆದ ಸರಿಯಾದ ರಶೀದಿ ಸಿಕ್ಕಿದಾಗ ‘ನಾನೇನು ಯಾರಿಗೂ ಸಂಬಳ ಕೊಟ್ಟಿಲ್ಲವಲ್ಲ’ ಅಂತ ಗಾಬರಿಯಾಗಿ ಬಂದವರಿದ್ದಾರೆ. ವರಿಸಂಖ್ಯದ ಚೀಟಿಯನ್ನು ದೇಣಿಗೆಯ ರಶೀದಿ ಅಂತ ಜೋಪಾನವಾಗಿ ಇಟ್ಟುಕೊಂಡವರೂ ಇದ್ದಾರೆ. ನಿಮ್ಮ ಫಾರ್ಮಿನ ತಲೆಬರಹದಲ್ಲಿ ‘ಅಂಗತ್ವ’ ಅಂತ ಇದೆ. ಅದು ಸದಸ್ಯತ್ವ. ‘ಅಂಗಂ’ ಅಂದರೆ ಸದಸ್ಯ. ‘ತುಕ’ ಅಂದರೆ ಮೊತ್ತ. ಕೆಳಗೆ ‘ಕೈಪ್ಪಟ್ಟಿ’ ಅಂತಿದ್ದರೆ ಪಡೆದುಕೊಂಡೆ ಅಂತ ಅರ್ಥ. ‘ಪಿರಿವು’ ಗೊತ್ತೇ ಇದೆಯಲ್ಲ, ಅಂಗಡಿ ಬಾಗಿಲಿಗೆ ಬಂದು ಮಾಡುವ ಹಣ ಸಂಗ್ರಹ.

ಅಂದರೆ ಹುಡುಗರು ಬಾಯಲ್ಲಿ ಹೇಳಿದ್ದು ದೇಣಿಗೆ, ನೀವು ಸಹಿ ಹಾಕಿದ್ದು ಸದಸ್ಯತ್ವಕ್ಕೆ, ಚೀಟಿ ಸಿಕ್ಕಿದ್ದು ಚಂದಾಕ್ಕೆ. ಬೇಕಂತಲೇ ಮಾಡಿರಬೇಕು ಅಂತ ನಾನು ಹೇಳುವುದಿಲ್ಲ. ಎಷ್ಟೋ ಸಲ ಕೈಗೆ ಸಿಕ್ಕಿದ ಹಳೆಯ ಪುಸ್ತಕದಿಂದಲೇ ಚೀಟಿ ಹರಿದು ಕೊಡುತ್ತಾರೆ. ಆದರೆ ತೆರಿಗೆ ಕಚೇರಿ ನೋಡುವುದು ಕಾಗದವನ್ನು, ಹುಡುಗರ ಮಾತನ್ನಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಚುನಾವಣೆಯ ಹೊತ್ತಿಗೆ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಮನೆಮನೆಗೆ ಕನ್ನಡದ ಕರಪತ್ರ ಬರುತ್ತದೆ, ಮೈಕಿನಲ್ಲಿ ಕನ್ನಡ, ತುಳು ಎರಡೂ ಕೇಳುತ್ತದೆ. ವೋಟು ಕೇಳಲು ಕನ್ನಡ ಬರುತ್ತದೆ ಅಂದಮೇಲೆ ಹಣ ಕೇಳುವಾಗಲೂ ಬರಬೇಕು, ಅಲ್ವಾ? ಕನ್ನಡದಲ್ಲಿ ರಶೀದಿ ಕೊಡಿ ಅಂತ ಸಂಕೋಚವಿಲ್ಲದೆ ಕೇಳಿ. ಕೊಡಲೇಬೇಕು ಅಂತ ಪಕ್ಷಗಳಿಗೆ ಕಾನೂನಿನ ಕಟ್ಟುಪಾಡು ಇಲ್ಲ. ಆದರೆ ನಾಲ್ಕು ಜನ ಕೇಳಿದರೆ ಅಚ್ಚು ಹಾಕಿಸುತ್ತಾರೆ. ಒಂದೆರಡು ಸ್ಥಳೀಯ ಸಮಿತಿಗಳು ಹಾಗೆ ಎರಡೂ ಭಾಷೆಯ ರಶೀದಿ ಪುಸ್ತಕ ಮಾಡಿಸಿದ್ದನ್ನು ನಾನೇ ನೋಡಿದ್ದೇನೆ.

ಈಗ ಸದಸ್ಯತ್ವ ಮತ್ತು ದೇಣಿಗೆ ಯಾಕೆ ಬೇರೆ ಅಂತ ಹೇಳುತ್ತೇನೆ. ಪಕ್ಷವೊಂದು 1951ರ ಜನಪ್ರಾತಿನಿಧ್ಯ ಕಾಯ್ದೆಯ 29ಎ ಸೆಕ್ಷನ್ ಪ್ರಕಾರ ಚುನಾವಣಾ ಆಯೋಗದಲ್ಲಿ ನೋಂದಣಿ ಆಗುವಾಗ ತನ್ನ ಸಂವಿಧಾನವನ್ನೂ ಕೊಡಬೇಕು. ಸದಸ್ಯ ಯಾರು, ಸಮಿತಿಗೆ ಯಾರು ನಿಲ್ಲಬಹುದು, ಒಳಗಿನ ಚುನಾವಣೆಯಲ್ಲಿ ಯಾರಿಗೆ ಮತ ಇದೆ ಅನ್ನುವುದೆಲ್ಲಾ ಅದರಲ್ಲಿ ಇರುತ್ತದೆ. ನಿಮಗೆ ಪಕ್ಷದೊಳಗೆ ಏನಾದರೂ ಹಕ್ಕು ಬರುವುದಿದ್ದರೆ ಅದು ಆ ಸಂವಿಧಾನದ ಸದಸ್ಯತ್ವದಿಂದ. 25,000ದ ಕಾರ್ಡಿನಿಂದ ಅಲ್ಲ. ಐದು ಹತ್ತು ರೂಪಾಯಿ ಕೊಟ್ಟು ಕ್ರಮವಾಗಿ ಸದಸ್ಯರಾದವರಿಗೆ ಇರುವ ಮತ, ಬರೀ ಪೋಷಕ ಕಾರ್ಡ್ ಇರುವವರಿಗೆ ಇಲ್ಲದೇ ಹೋಗಬಹುದು. ‘ಕಾರ್ಡ್ ಇದ್ದರೆ ಮುಂದೆ ವಾರ್ಡಿನ ಟಿಕೆಟ್ ಕೇಳಬಹುದು’ ಅಂತ ನಂಬಿದವರು ನನ್ನ ಬಳಿ ಬಂದದ್ದುಂಟು. ಕೇಳಬಹುದು ನಿಜ, ಕಾರ್ಡ್ ಇಲ್ಲದವರೂ ಕೇಳಬಹುದು. ಇನ್ನೊಂದು ವಿಷಯ: ಬೇರೆ ಪಕ್ಷದ ಸದಸ್ಯರಾಗಿ ಇರಬಾರದು ಅಂತ ಹೆಚ್ಚಿನ ಪಕ್ಷಗಳ ನಿಯಮವಿದೆ. ಹಿಂದೆ ಯಾವಾಗಲೋ ಮಿಸ್ಡ್ ಕಾಲ್ ಕೊಟ್ಟು ಬೇರೆಲ್ಲಾದರೂ ಸದಸ್ಯರಾಗಿದ್ದೀರಾ ಅಂತ ನೆನಪು ಮಾಡಿಕೊಳ್ಳಿ.

ದೇಣಿಗೆಯ ಯೋಜನೆಗಳು ಹೊಸತೇನಲ್ಲ. 2021ರ ಡಿಸೆಂಬರಿನಲ್ಲಿ ಬಿಜೆಪಿ 5 ರೂಪಾಯಿಯಿಂದ 1,000 ರೂಪಾಯಿ ತನಕದ ಸಣ್ಣ ದೇಣಿಗೆಯ ಅಭಿಯಾನ ಮಾಡಿತು. 2023ರ ಡಿಸೆಂಬರಿನಲ್ಲಿ ಕಾಂಗ್ರೆಸ್ ತನಗೆ 138 ವರ್ಷ ಆಯಿತು ಅಂತ 138, 1,380, 13,800 ರೂಪಾಯಿಗಳ ದೇಣಿಗೆ ಕೇಳಿತು. ಕಮ್ಯುನಿಸ್ಟ್ ಪಕ್ಷಗಳಲ್ಲಿ ಸದಸ್ಯರ ಆದಾಯಕ್ಕೆ ತಕ್ಕ ಹಾಗೆ ಲೆವಿ (ಕಡ್ಡಾಯ ವಂತಿಗೆ) ಕಟ್ಟುವ ಪದ್ಧತಿ ಮೊದಲಿನಿಂದ ಇದೆ. ನಿಮ್ಮ ಕಾರ್ಡಿನ ಥರ ಮಟ್ಟ ಮಟ್ಟವಾಗಿ ಸೌಲಭ್ಯ ಕೊಡುವ ಪದ್ಧತಿ ಹೊರದೇಶಗಳಲ್ಲಿ ಜಾಸ್ತಿ. ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದಲ್ಲಿ ವರ್ಷಕ್ಕೆ 50,000 ಪೌಂಡ್ ಕೊಟ್ಟವರಿಗೆ ನಾಯಕರ ಜೊತೆ ಊಟಕ್ಕೆ ಕೂರುವ ಒಂದು ಕೂಟವೇ ಇದೆ. ಅಲ್ಲಿನ 2000ದ ಕಾನೂನು ಸದಸ್ಯತ್ವದ ಶುಲ್ಕವನ್ನೂ ದೇಣಿಗೆಯ ಲೆಕ್ಕಕ್ಕೇ ಹಿಡಿಯುತ್ತದೆ. ನಮ್ಮಲ್ಲಿ ಅಷ್ಟು ಸ್ಪಷ್ಟವಾಗಿಲ್ಲ. ನಮ್ಮ ಪಕ್ಷಗಳ ವಾರ್ಷಿಕ ಲೆಕ್ಕಪತ್ರದಲ್ಲಿ ಶುಲ್ಕ ಮತ್ತು ಚಂದಾ ಒಂದು ತಲೆಬರಹದಲ್ಲಿ, ದೇಣಿಗೆ ಇನ್ನೊಂದರಲ್ಲಿ ಬರುತ್ತದೆ. ಪಕ್ಷವೇ ಬೇರೆ ಬೇರೆ ಬರೆಯುವಾಗ ಸದಸ್ಯತ್ವದ ಹಣಕ್ಕೆ ದೇಣಿಗೆಯ ವಿನಾಯಿತಿ ಕೇಳಬೇಡಿ ಅಂತ ನಾನು ಹೇಳುತ್ತೇನೆ. ಬೇರೆ ಅಭಿಪ್ರಾಯದ ಸಹೋದ್ಯೋಗಿಗಳೂ ಇದ್ದಾರೆ. ಆದರೆ ನೋಟಿಸು ಬಂದರೆ ವಿವರಣೆ ಕೊಡಬೇಕಾದವರು ನೀವು.

ಇನ್ನು ‘ಪೂರ್ತಿ ತೆರಿಗೆ ವಿನಾಯಿತಿ’ಯ ಮಾತು. ಇದರಷ್ಟು ತಪ್ಪಾಗಿ ತಿಳಿದುಕೊಂಡದ್ದು ಇನ್ನೊಂದಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿಜಿಸಿ ಸೆಕ್ಷನ್ ಪ್ರಕಾರ, ನೋಂದಾಯಿತ ಪಕ್ಷಕ್ಕೆ ಕೊಟ್ಟ ದೇಣಿಗೆಯಷ್ಟನ್ನೂ ನಿಮ್ಮ ಆದಾಯದಿಂದ ಕಳೆಯಬಹುದು. ಆದಾಯದಿಂದ ಕಳೆಯುವುದು, ತೆರಿಗೆಯಿಂದ ಅಲ್ಲ. ನೀವು ಹಳೆಯ ತೆರಿಗೆ ಪದ್ಧತಿಯಲ್ಲಿದ್ದು (ಇಂಥ ಕಡಿತಗಳನ್ನು ಕೇಳಬಹುದಾದದ್ದು ಅದರಲ್ಲಿ), ಶೇಕಡಾ 30ರ ಸ್ಲ್ಯಾಬಿನಲ್ಲಿದ್ದರೆ ಸೆಸ್ ಸೇರಿ ಶೇಕಡಾ 31.2 ಆಗುತ್ತದೆ. 25,000 ಕೊಟ್ಟರೆ ಉಳಿಯುವ ತೆರಿಗೆ 7,800 ರೂಪಾಯಿ. ಬಾಕಿ 17,200 ನಿಮ್ಮ ಜೇಬಿನಿಂದಲೇ ಹೋದದ್ದು. ಶೇಕಡಾ 20ರ ಸ್ಲ್ಯಾಬಾದರೆ ಉಳಿಯುವುದು 5,200.

ಹೊಸ ಪದ್ಧತಿಯಲ್ಲಿದ್ದರೆ? ಒಂದು ರೂಪಾಯಿಯೂ ಉಳಿಯುವುದಿಲ್ಲ. ಹೊಸ ಪದ್ಧತಿಯಲ್ಲಿ 80ಜಿಜಿಸಿ ಇಲ್ಲವೇ ಇಲ್ಲ. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯಿಸುತ್ತದೆ, ಹಳೆಯದು ಬೇಕಾದರೆ ನೀವೇ ಕೇಳಿಕೊಳ್ಳಬೇಕು. ವ್ಯಾಪಾರದ ಆದಾಯ ಇರುವವರಿಗೆ ಆ ಹೋಗಿಬರುವ ದಾರಿ ಕಷ್ಟ. ಹಳೆಯದಕ್ಕೆ ಹೋಗಿ ಮತ್ತೆ ಹೊಸದಕ್ಕೆ ಬಂದರೆ, ಆಮೇಲೆ ಹಳೆಯದರ ಬಾಗಿಲು ಮುಚ್ಚಿದ ಹಾಗೆ. 25,000ದ ದೇಣಿಗೆಗೋಸ್ಕರ ಪದ್ಧತಿ ಬದಲಿಸಬೇಡಿ. ನಿಮ್ಮ ಸಾಲದ ಬಡ್ಡಿ, ವಿಮೆ ಎಲ್ಲಾ ಇಟ್ಟು ಲೆಕ್ಕ ಹಾಕಿದ ಮೇಲಷ್ಟೇ ಆ ತೀರ್ಮಾನ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ. ಸೆಕ್ಷನ್ ಸಂಖ್ಯೆಗಳು ಬದಲಾಗುತ್ತವೆ (ಇಲ್ಲಿ ನಾನು ಹೇಳುವ ತೆರಿಗೆ ಸೆಕ್ಷನ್‌ಗಳು 1961ರ ಕಾಯ್ದೆಯವು), ಈ ತಿರುಳು ಬದಲಾಗುವುದಿಲ್ಲ.

ನಗದಾಗಿ ಕೊಟ್ಟದ್ದಕ್ಕೆ ಯಾವ ಪದ್ಧತಿಯಲ್ಲೂ ವಿನಾಯಿತಿ ಇಲ್ಲ. ನೂರು ರೂಪಾಯಿಗೂ ಇಲ್ಲ. ಹಾಗಾಗಿ ನಿಮ್ಮ 2,500 ಆ ಲೆಕ್ಕದಿಂದ ಹೋಯಿತು. ಪಕ್ಷದ ಕಡೆಯಿಂದಲೂ ಅದು ಸರಿಯಲ್ಲ. 2017ರ ತಿದ್ದುಪಡಿಯ ನಂತರ 2,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಯನ್ನು ಪಕ್ಷ ನಗದಾಗಿ ತೆಗೆದುಕೊಳ್ಳುವ ಹಾಗಿಲ್ಲ. ತೆಗೆದುಕೊಂಡರೆ 13ಎ ಸೆಕ್ಷನ್‌ನಲ್ಲಿ ಪಕ್ಷಕ್ಕೆ ಸಿಗುವ ತೆರಿಗೆ ರಿಯಾಯಿತಿಗೇ ಕುತ್ತು. ಇದು ಪುಸ್ತಕದ ಮಾತಲ್ಲ. 2018-19ರ ಅಸೆಸ್‌ಮೆಂಟ್ ವರ್ಷದ (ಹಿಂದಿನ ವರ್ಷದ ಆದಾಯಕ್ಕೆ ತೆರಿಗೆ ಲೆಕ್ಕ ಹಾಕುವ ವರ್ಷ) ಪ್ರಕರಣದಲ್ಲಿ, ರಿಟರ್ನ್ ತಡವಾದದ್ದು ಮತ್ತು ಮಿತಿ ಮೀರಿದ ನಗದು ದೇಣಿಗೆ ಪಡೆದದ್ದು ಎರಡನ್ನೂ ಕಾರಣವಾಗಿ ತೋರಿಸಿ, ಕಾಂಗ್ರೆಸ್ ಪಕ್ಷದ ಸುಮಾರು 199 ಕೋಟಿ ರೂಪಾಯಿ ಆದಾಯಕ್ಕೆ ಆ ರಿಯಾಯಿತಿ ಇಲ್ಲ ಅಂತ ತೆರಿಗೆ ನ್ಯಾಯಮಂಡಳಿ 2025ರ ಜುಲೈಯಲ್ಲಿ ಹೇಳಿತು. ಆ ನಗದಿನ ಮೊತ್ತ ಹದಿನಾಲ್ಕೂವರೆ ಲಕ್ಷದಷ್ಟು ಮಾತ್ರ. ‘ಸುಮ್ನೆ ಒಂದೈನೂರು ಜಾಸ್ತಿ, ಏನಾಗುತ್ತೆ’ ಅನ್ನುವ ಹುಡುಗರಿಗೆ ಇದನ್ನು ಹೇಳಿ. ಅವರ ಪಕ್ಷದ ಒಳ್ಳೆಯದಕ್ಕೇ ಹೇಳುವುದು.

ಈಗ ಆ ಮೊಬೈಲ್ ನಂಬರ್. ದಯವಿಟ್ಟು ಅದಕ್ಕೆ ಕಳುಹಿಸಬೇಡಿ. ಯುಪಿಐ ಮಾಡುವುದರಲ್ಲಿ ತಪ್ಪಿಲ್ಲ, ಯುಪಿಐ, ಚೆಕ್, ನೆಫ್ಟ್ ಯಾವುದಾದರೂ ಆಗುತ್ತದೆ. ಆದರೆ ಹಣ ಸೇರಬೇಕಾದದ್ದು ಪಕ್ಷದ ಹೆಸರಿನ ಬ್ಯಾಂಕ್ ಖಾತೆಗೆ. ಒಬ್ಬ ವ್ಯಕ್ತಿಯ ನಂಬರಿಗೆ ಹೋದ ಹಣ ಆ ವ್ಯಕ್ತಿಗೆ ಕೊಟ್ಟ ಹಣ. ಅವರು ಪ್ರಾಮಾಣಿಕವಾಗಿ ಪಕ್ಷಕ್ಕೆ ಕಟ್ಟಿದರೂ, ಅವರ ಹೆಸರಿನಲ್ಲಿ ಕಟ್ಟಿದ ಹಾಗಾಗುತ್ತದೆ. ಯುಪಿಐಯಲ್ಲಿ ಹಣ ಕಳುಹಿಸುವ ಮೊದಲು ಖಾತೆದಾರರ ಹೆಸರು ಪರದೆಯ ಮೇಲೆ ಬರುತ್ತದೆ. ಅಲ್ಲಿ ಪಕ್ಷದ ಹೆಸರಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಈಗ ರಿಟರ್ನ್‌ನಲ್ಲಿ 80ಜಿಜಿಸಿಗೆ ಬೇರೆ ಪಟ್ಟಿಯೇ ಇದೆ. ಕೊಟ್ಟ ದಿನಾಂಕ, ಮೊತ್ತ, ವಹಿವಾಟಿನ ನಂಬರ್, ಬ್ಯಾಂಕಿನ ಐಎಫ್‌ಎಸ್‌ಸಿ (ಶಾಖೆಯ ಕೋಡ್) ಎಲ್ಲಾ ತುಂಬಬೇಕು. ಅಂದಾಜಿಗೆ ಬರೆಯುವ ಕಾಲ ಹೋಯಿತು.

ತಿಂಗಳು ತಿಂಗಳು ಖಾತೆಯಿಂದ ತಾನಾಗಿ ಕಡಿತವಾಗುವ ಹಾಗೆ ಮಾಡೋಣ ಅಂತ ಯಾರಾದರೂ ಹೇಳಿದರೆ, ಅದು ಯುಪಿಐ ಆಟೋಪೇ. ಅನುಕೂಲವೇ. ಆದರೆ ಉತ್ಸಾಹ ಇಳಿದ ಮೇಲೂ ಹಣ ಹೋಗುತ್ತಲೇ ಇರುತ್ತದೆ. ನಿಲ್ಲಿಸಲು ಯಾರನ್ನೂ ಕೇಳಬೇಕಿಲ್ಲ, ನಿಮ್ಮ ಯುಪಿಐ ಆ್ಯಪಿನಲ್ಲೇ ರದ್ದು ಮಾಡಬಹುದು. ಕೊಟ್ಟ ದೇಣಿಗೆ ಮಾತ್ರ ವಾಪಸ್ ಕೇಳುವ ಹಾಗಿಲ್ಲ.

ನೀವು ಕೇಳದ ಒಂದು ವಿಷಯವನ್ನೂ ಹೇಳುತ್ತೇನೆ, ಯಾಕೆಂದರೆ ಅದು ನಿಮ್ಮ ಅಂಗಡಿಗೂ ಬಂದೇ ಬರುತ್ತದೆ. ಕೆಲವು ಏಜೆಂಟರು ಹೆಸರೇ ಕೇಳದ ಸಣ್ಣ ಪಕ್ಷವೊಂದರ ರಶೀದಿ ತರುತ್ತಾರೆ. ‘ಚೆಕ್ಕಿನಲ್ಲಿ ಕೊಡಿ, ಕಮಿಷನ್ ಹಿಡಿದು ಉಳಿದದ್ದು ನಗದಾಗಿ ವಾಪಸ್, ತೆರಿಗೆಯೂ ಉಳಿಯಿತು’ ಅನ್ನುತ್ತಾರೆ. ನನ್ನ ಹಳೆಯ ಕಕ್ಷಿದಾರರೊಬ್ಬರು ನನಗೆ ಹೇಳದೆ ಹಾಗೆ ಒಂದೂವರೆ ಲಕ್ಷ ತೋರಿಸಿದರು. ಉಳಿಸಿದ ತೆರಿಗೆ 46,800. ಸ್ವಲ್ಪ ಸಮಯದಲ್ಲಿ ಇಲಾಖೆಯಿಂದ ‘ನಿಮ್ಮ ದೇಣಿಗೆಯ ವಿವರ ಮತ್ತೊಮ್ಮೆ ನೋಡಿ’ ಅಂತ ಸಂದೇಶ ಬಂತು. ರಾತ್ರಿ ನಿದ್ದೆ ಇಲ್ಲದೆ ಬೆಳಿಗ್ಗೆ ಏಳು ಗಂಟೆಗೆ ಮನೆ ಬಾಗಿಲಿಗೆ ಬಂದಿದ್ದರು. ಕೈಯೆಲ್ಲಾ ನಡುಗುತ್ತಿತ್ತು. ಅಪ್‌ಡೇಟೆಡ್ ರಿಟರ್ನ್ ಹಾಕಿ, ಆ ತೆರಿಗೆ, ಅದರ ಬಡ್ಡಿ, ಎರಡರ ಮೇಲೆ ಶೇಕಡಾ 25 ಹೆಚ್ಚುವರಿ ಎಲ್ಲಾ ಕಟ್ಟಿಸಿದೆ. ಅಸೆಸ್‌ಮೆಂಟ್ ವರ್ಷ ಮುಗಿದು ಹನ್ನೆರಡು ತಿಂಗಳ ಒಳಗೆ ಬಂದದ್ದಕ್ಕೆ ಅಷ್ಟಕ್ಕೆ ಮುಗಿಯಿತು. ತಡವಾದಷ್ಟು ಅದು 50, 60, 70 ಅಂತ ಏರುತ್ತದೆ. ಇಲಾಖೆಯೇ ಮೊದಲು ಹಿಡಿದಿದ್ದರೆ ಸುಳ್ಳು ಲೆಕ್ಕಕ್ಕೆ ದಂಡ ತೆರಿಗೆಯ ಎರಡರಷ್ಟು, ಅಂದರೆ 93,600 ಬೇರೆ. 2025ರ ಜುಲೈಯಲ್ಲಿ ಇಂಥ ಸುಳ್ಳು ಕಡಿತಗಳ ಮೇಲೆ ಇಲಾಖೆ ದೇಶದ ನೂರೈವತ್ತು ಕಡೆ ಒಟ್ಟಿಗೆ ತನಿಖೆ ಮಾಡಿತು. ಅದೇ ವರ್ಷ ಆಗಸ್ಟ್‌ನಲ್ಲಿ 334, ಸೆಪ್ಟೆಂಬರ್‌ನಲ್ಲಿ 474 ನೋಂದಾಯಿತ ಆದರೆ ಮಾನ್ಯತೆ ಇಲ್ಲದ ಪಕ್ಷಗಳನ್ನು, ಆರು ವರ್ಷ ಯಾವ ಚುನಾವಣೆಗೂ ನಿಲ್ಲದ ಕಾರಣ, ಚುನಾವಣಾ ಆಯೋಗ ಪಟ್ಟಿಯಿಂದ ತೆಗೆದುಹಾಕಿತು. ಸಣ್ಣ ಪಕ್ಷಗಳೆಲ್ಲಾ ಕೆಟ್ಟವು ಅಂತ ಅಲ್ಲ. ಕೊಡುವ ದಿನ ಆ ಪಕ್ಷ ಪಟ್ಟಿಯಲ್ಲಿದೆಯಾ ಅಂತ ನೋಡಿ. ಹಣ ವಾಪಸ್ ಕೊಡುತ್ತೇನೆ ಅಂದವರನ್ನು ಮಾತ್ರ ಅಂಗಡಿಯ ಮೆಟ್ಟಿಲಿನಿಂದಲೇ ಕಳುಹಿಸಿ.

ಇದರ ಜೊತೆಗೇ ಕೇಳಿಬರುವ ಇನ್ನೊಂದು ಉಪಾಯವೂ ಇದೆ. ‘ಸಮ್ಮೇಳನದ ಸ್ಮರಣ ಸಂಚಿಕೆಗೆ ಜಾಹೀರಾತು ಅಂತ ಬಿಲ್ ಕೊಡುತ್ತೇವೆ, ಅಂಗಡಿ ಖರ್ಚಿಗೆ ಹಾಕಿ.’ ಯಕ್ಷಗಾನದ ಸಂಚಿಕೆಗೆ, ದೇವಸ್ಥಾನದ ಬ್ರಹ್ಮಕಲಶದ ಸಂಚಿಕೆಗೆ ಜಾಹೀರಾತು ಕೊಟ್ಟು ಖರ್ಚು ಬರೆದು ನಮಗೆಲ್ಲಾ ಅಭ್ಯಾಸ. ಪಕ್ಷದ ಸಂಚಿಕೆ ಹಾಗಲ್ಲ. ರಾಜಕೀಯ ಪಕ್ಷ ಪ್ರಕಟಿಸುವ ಸಂಚಿಕೆ, ಕರಪತ್ರಗಳ ಜಾಹೀರಾತನ್ನು ವ್ಯಾಪಾರದ ಖರ್ಚಾಗಿ ಒಪ್ಪುವುದಿಲ್ಲ ಅಂತ 37(2ಬಿ) ಸೆಕ್ಷನ್ ನೇರವಾಗಿ ಹೇಳಿದೆ.

ಪಂಚಾಯತಿಯ ಮಾತಿಗೆ ಬರೋಣ. ಇದನ್ನು ಓದುವಾಗ ನನಗೆ ನಿಜಕ್ಕೂ ಬೇಸರವಾಯಿತು. ಅಂಗಡಿಯ ಲೈಸೆನ್ಸ್ ನವೀಕರಣವೋ, ಕಟ್ಟಡದ ನಂಬರೋ, ಅದು ನಿಮಗೆ ಸಿಗಬೇಕಾದದ್ದು. ಕೇರಳದಲ್ಲಿ 2012ರಿಂದ ಸೇವಾ ಹಕ್ಕು ಕಾಯ್ದೆ ಇದೆ. ಅಧಿಸೂಚನೆಯಲ್ಲಿ ಹೇಳಿದ ಸೇವೆಯನ್ನು ಗೊತ್ತುಮಾಡಿದ ದಿನಗಳ ಒಳಗೆ ಕೊಡಬೇಕು. ಕೊಡದಿದ್ದರೆ ಮೇಲ್ಮನವಿ ಹಾಕಬಹುದು, ತಪ್ಪಿದ ಅಧಿಕಾರಿಗೆ ದಂಡವೂ ಇದೆ. ಸಮ್ಮೇಳನದ ಮುಂದಿನ ಸಾಲು, ನಾಯಕರ ಜೊತೆ ಊಟ, ಫೋಟೋ, ಕಾರಿನ ಸ್ಟಿಕ್ಕರ್, ಇವೆಲ್ಲಾ ಪಕ್ಷ ತನ್ನವರಿಗೆ ಕೊಡುವ ಗೌರವ. ಅದರಲ್ಲಿ ನನಗೆ ಆಕ್ಷೇಪವಿಲ್ಲ. ಆದರೆ ‘ಇಷ್ಟು ಕೊಟ್ಟರೆ ಸರಕಾರಿ ಕೆಲಸ ಮಾಡಿಸಿಕೊಡುತ್ತೇವೆ’ ಅನ್ನುವಲ್ಲಿಗೆ ಅದು ದೇಣಿಗೆ ಆಗಿ ಉಳಿಯುವುದಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದಮೇಲೆ ಲಂಚ ಕೊಡುವವರೂ ಅಪರಾಧಿಗಳು, ಏಳು ವರ್ಷದ ತನಕ ಶಿಕ್ಷೆ ಇದೆ. ಬಲವಂತವಾಗಿ ಕೊಡಬೇಕಾಗಿ ಬಂದರೆ ಏಳು ದಿನದೊಳಗೆ ದೂರು ಕೊಟ್ಟವರಿಗಷ್ಟೇ ರಕ್ಷಣೆ. ಹುಡುಗರು ಇಷ್ಟೆಲ್ಲಾ ಯೋಚಿಸಿ ಹೇಳಿರಲಾರರು, ಕಾರ್ಡು ಮಾರುವ ಭರದಲ್ಲಿ ಬಂದ ಮಾತಿರಬಹುದು. ಆದರೆ ಕೊಡುವಾಗ ನಿಮ್ಮ ಮನಸ್ಸಿನಲ್ಲಿ ಆ ಆಸೆ ಇರಬಾರದು, ವಾಟ್ಸಾಪಿನಲ್ಲಿ ಅಂಥ ಮಾತು ಬರೆಯಲೇಬಾರದು.

ಹೆಸರು ಗುಟ್ಟಾಗಿ ಇರುತ್ತದಾ ಅಂತ ಅಂಗಡಿಯವರೆಲ್ಲಾ ಕೇಳುತ್ತಾರೆ. ಗಿರಾಕಿಗಳಲ್ಲಿ ಎಲ್ಲಾ ಪಕ್ಷದವರೂ ಇರುತ್ತಾರಲ್ಲ. ಒಂದು ಹಣಕಾಸು ವರ್ಷದಲ್ಲಿ ಒಬ್ಬರಿಂದ ಒಟ್ಟು 20,000ಕ್ಕಿಂತ ಜಾಸ್ತಿ ದೇಣಿಗೆ ಬಂದರೆ ಪಕ್ಷ ಅವರ ಹೆಸರನ್ನು ಚುನಾವಣಾ ಆಯೋಗಕ್ಕೆ ಕೊಡಬೇಕು. ಆಯೋಗ ಆ ಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತದೆ. ಎರಡು ಸಲ ಮಾಡಿ ಕೊಟ್ಟರೂ ಒಟ್ಟು ಲೆಕ್ಕವೇ. 25,000 ಕೊಟ್ಟರೆ ನಿಮ್ಮ ಹೆಸರು ಬರುತ್ತದೆ ಅಂತಲೇ ತಿಳಿದುಕೊಳ್ಳಿ. 20,000ದ ಒಳಗಾದರೆ ಆ ಪಟ್ಟಿಯಲ್ಲಿ ಬರಬೇಕಿಲ್ಲ. ಗುಟ್ಟಿನ ಭರವಸೆ ಎಷ್ಟು ದಿನದ್ದು ಅನ್ನುವುದಕ್ಕೆ ಚುನಾವಣಾ ಬಾಂಡ್ ನೋಡಿ, ಅಂದರೆ ಪಕ್ಷಕ್ಕೆ ಕೊಡಲು ಬ್ಯಾಂಕಿನಿಂದ ಕೊಳ್ಳುತ್ತಿದ್ದ ಪತ್ರ. 2018ರಲ್ಲಿ ಹೆಸರು ಹೊರಗೆ ಬರುವುದಿಲ್ಲ ಅಂತಲೇ ಶುರುವಾದ ಯೋಜನೆ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ರದ್ದು ಮಾಡಿತು. ಮತ ಹಾಕುವವರಿಗೆ ಹಣದ ಮೂಲ ತಿಳಿಯುವ ಹಕ್ಕಿದೆ ಅಂದಿತು. ತಿಂಗಳಲ್ಲೇ ಕೊಂಡವರ ಪಟ್ಟಿ ಹೊರಗೆ ಬಂತು. ನಾಳೆ ಅಂಗಡಿ ಮುಂದೆ ಯಾರಾದರೂ ‘ನೀವು ಕೊಟ್ಟಿದ್ದೀರಂತೆ’ ಅಂದರೆ ‘ಹೌದು ಕೊಟ್ಟಿದ್ದೇನೆ’ ಅನ್ನಲು ಮನಸ್ಸಿಗೆ ಕಷ್ಟವಿಲ್ಲದಷ್ಟನ್ನೇ ಕೊಡಿ.

ನಿಮ್ಮ ಮನೆಯವರ ವಿಷಯದಲ್ಲಿ ಜಾಗ್ರತೆ ಬೇಕು. ಕೇರಳದ ಸರಕಾರಿ ನೌಕರರ ನಡತೆ ನಿಯಮಗಳು 1960ರಿಂದ ಇವೆ. ಸರಕಾರಿ ಟೀಚರ್ ಪಕ್ಷದ ಸದಸ್ಯರಾಗುವುದು, ಪಕ್ಷಕ್ಕೆ ಹಣ ಕೊಡುವುದು ಎರಡೂ ಆಗದು. ಜಂಟಿ ಖಾತೆಯಿಂದ ಹೋದರೆ ಬ್ಯಾಂಕಿನ ದಾಖಲೆಯಲ್ಲಿ ಅವರ ಹೆಸರೂ ಇರುತ್ತದೆ. ಆಮೇಲೆ ಅದು ನನ್ನ ಗಂಡನ ದುಡ್ಡು ಅಂತ ಅವರು ವಿವರಿಸುತ್ತಾ ಕೂರಬೇಕು. ನಿಮ್ಮ ಅಂಗಡಿಯ ಕರೆಂಟ್ ಖಾತೆಯಿಂದಲೋ ನಿಮ್ಮೊಬ್ಬರ ಹೆಸರಿನ ಖಾತೆಯಿಂದಲೋ ಕೊಡಿ. ಲೆಕ್ಕದಲ್ಲಿ ಅದನ್ನು ಅಂಗಡಿ ಖರ್ಚು ಅಂತ ಬರೆಯದೆ ನಿಮ್ಮ ಸ್ವಂತಕ್ಕೆ ತೆಗೆದದ್ದು ಅಂತ ಬರೆಸಿ. ಕುಟುಂಬ ಸದಸ್ಯತ್ವ ಅಂತ ಕಾರ್ಡಿನಲ್ಲಿ ಅವರ ಹೆಸರು, ಫೋಟೋ ಹಾಕಲು ಬಿಡಬೇಡಿ.

ಅಣ್ಣನ ವಿಷಯ ಸರಳ. ಅವರು ಈಗಲೂ ಭಾರತದ ಪಾಸ್‌ಪೋರ್ಟಿನಲ್ಲೇ ಇದ್ದರೆ, ದುಬೈಯಲ್ಲಿ ದುಡಿದ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ತೆಗೆದುಕೊಂಡವರು, ಸಾಗರೋತ್ತರ ಭಾರತೀಯ ಕಾರ್ಡ್ ಇದ್ದರೂ, ಪಕ್ಷಕ್ಕೆ ಕೊಡುವ ಹಾಗಿಲ್ಲ. ದುಬೈಯ ಕಂಪನಿಯ ಹಣವೂ ಬೇಡ. ಗೆಳೆಯರಿಂದೆಲ್ಲಾ ದಿರ್ಹಮ್ ಒಟ್ಟುಮಾಡಿ ತನ್ನ ಹೆಸರಿನಲ್ಲಿ ಕಳುಹಿಸುವುದಂತೂ ಬೇಡವೇ ಬೇಡ. ಹಾಗೆ ಮಾಡಿದರೆ ಉಳಿದವರ ಹಣಕ್ಕೂ ಅವರೇ ಹೊಣೆಯಾಗುತ್ತಾರೆ. ಅವರಿಗೆ ಇಲ್ಲಿ ಬಾಡಿಗೆಯಂಥ ತೆರಿಗೆ ಕಟ್ಟುವ ಆದಾಯವೇ ಇಲ್ಲದಿದ್ದರೆ 80ಜಿಜಿಸಿಯಿಂದ ಏನೂ ಲಾಭವಿಲ್ಲ ಅಂತಲೂ ಹೇಳಿ.

ಮಂಗಳೂರಿನಲ್ಲಿ ಕೊಡುವುದಾ, ಇಲ್ಲಿ ಕೊಡುವುದಾ ಅಂತ ಕೇಳಿದ್ದೀರಿ. ತೆರಿಗೆಗೆ ತಲಪಾಡಿಯ ರಾಜ್ಯ ಗಡಿ ಇಲ್ಲ. ನೋಂದಣಿ ಪಕ್ಷದ್ದು. ರಶೀದಿಯಲ್ಲಿ ಪಕ್ಷದ ಹೆಸರು, ಪ್ಯಾನ್ ಸರಿಯಿದ್ದರೆ ಯಾವ ರಾಜ್ಯದ ಘಟಕವಾದರೂ ಒಂದೇ. ಕನ್ನಡದ ರಶೀದಿ ಸುಲಭವಾಗಿ ಸಿಗುತ್ತದೆ ಅನ್ನುವುದು ಮಂಗಳೂರಿನ ಅನುಕೂಲ. ಆದರೆ ನಿಮ್ಮ ಮತ ಇರುವುದು ಇಲ್ಲಿ, ನಿಮ್ಮ ವಾರ್ಡು, ನಿಮ್ಮ ಶಾಲೆ, ನಿಮ್ಮ ರಸ್ತೆ ಇಲ್ಲಿ. ಇಲ್ಲಿ ಕ್ರಮವಾಗಿ ಸದಸ್ಯರಾದರೆ ಸಮಿತಿಯ ಸಭೆಯಲ್ಲಿ ಎದ್ದು ‘ಈ ಶಾಲೆಗೆ ಕನ್ನಡ ಬಾರದ ಟೀಚರನ್ನು ಯಾಕೆ ಹಾಕಿದಿರಿ’ ಅಂತ ಕೇಳಬಹುದು. ಅಲ್ಲಿ 25,000 ಕೊಟ್ಟ ಅತಿಥಿಗೆ ಆ ಜಾಗ ಇಲ್ಲ. ನಾನಾದರೆ ಇಲ್ಲೇ ಇರುತ್ತೇನೆ.

ನಿಮ್ಮ ಜಾಗದಲ್ಲಿ ನಿಂತು ಹೇಳುವುದಾದರೆ ಹೀಗೆ ಮಾಡುತ್ತೇನೆ. ಪಕ್ಷದ ನಿಯಮದ ಪ್ರಕಾರ ಸಾಮಾನ್ಯ ಸದಸ್ಯತ್ವದ ಶುಲ್ಕವನ್ನು ಬೇರೆ ಕಟ್ಟುತ್ತೇನೆ, ಅದಕ್ಕೆ ವಿನಾಯಿತಿ ಕೇಳುವುದಿಲ್ಲ. ದೇಣಿಗೆಯನ್ನು ಬೇರೆಯೇ ದಿನ ಪಕ್ಷದ ಖಾತೆಗೆ ನೇರ ಕಳುಹಿಸುತ್ತೇನೆ, ದೇಣಿಗೆ ಅಂತ ಬರೆದ ರಶೀದಿ ತೆಗೆದುಕೊಳ್ಳುತ್ತೇನೆ. ಮೊದಲ ವರ್ಷ 5,000 ಸಾಕು. ಹಣ ಎಲ್ಲಿ ಹೋಯಿತು, ಸಮಿತಿಯವರು ಲೆಕ್ಕ ಹೇಳುತ್ತಾರಾ, ಮುಂದಿನ ವರ್ಷವೂ ಮಾತಾಡಿಸುತ್ತಾರಾ ಅಂತ ನೋಡಿಕೊಂಡು ಆಮೇಲೆ ಹೆಚ್ಚಿಸಬಹುದು. ನಾಯಕರ ಜೊತೆ ಊಟ ಮಾಡುವ ಆಸೆ ತುಂಬಾ ಇದ್ದರೆ 25,000ದ ಕಾರ್ಡೂ ತಪ್ಪಲ್ಲ. ಆದರೆ ಅದರಲ್ಲಿ ನಿಮಗೆ ಸಿಗುವುದು ಊಟ, ಫೋಟೋ, ಮುಂದಿನ ಸಾಲು, ಅಷ್ಟೇ ಅಂತ ತಿಳಿದು ಕೊಡಿ.

ಕೊಟ್ಟಾಗಿರುವ 2,500ಕ್ಕೆ ಈ ವಾರವೇ ಒಂದು ಕೆಲಸ ಮಾಡಿ. ಚೀಟಿಯಲ್ಲಿರುವ ಸಮಿತಿಯ ಕಾರ್ಯದರ್ಶಿಗೆ ನೀವೇ ಫೋನ್ ಮಾಡಿ, ಹುಡುಗರ ಮೂಲಕ ಬೇಡ. ಆ ಹಣ ಪುಸ್ತಕಕ್ಕೆ ಬಂದಿದೆಯಾ, ಯಾವ ಹೆಸರಿನಲ್ಲಿ ಬಂದಿದೆ ಅಂತ ಕೇಳಿ. ಬಂದಿದ್ದರೆ ಅದು ವಾರ್ಷಿಕ ಚಂದಾ ಅಂತಲೇ ಬಿಡಿ. ಬಂದಿಲ್ಲ ಅಂದರೆ ಹುಡುಗರಿಂದ ವಾಪಸ್ ಪಡೆದು ಖಾತೆಗೆ ಕಳುಹಿಸಿ. ನೀವು ಸಹಿ ಹಾಕಿದ ಫಾರ್ಮಿನ ಪೂರ್ತಿ ಪ್ರತಿಯನ್ನೂ ಕೇಳಿ. ಆಧಾರ್ ಪ್ರತಿ ಕೊಟ್ಟಿದ್ದರೆ ಅದನ್ನು ವಾಪಸ್ ತೆಗೆದುಕೊಂಡು, ಮೊದಲ ಎಂಟು ಅಂಕಿ ಮರೆಸಿದ ಪ್ರತಿ ಕೊಟ್ಟರೆ ಸಾಕು. ಫಾರ್ಮಿನ ಪ್ರತಿ ಸಿಕ್ಕಿದ ಮೇಲೆ ಮಲಯಾಳ ಬಲ್ಲ ಯಾರಿಂದಾದರೂ ಸಾಲು ಸಾಲಾಗಿ ಓದಿಸಿ. ನಿಮ್ಮ ಮಕ್ಕಳು ಶಾಲೆಯಲ್ಲಿ ಮಲಯಾಳ ಕಲಿಯುತ್ತಿದ್ದರೆ ಅವರೇ ಓದಿ ಹೇಳುತ್ತಾರೆ. ಅರ್ಥವಾಗದ ಸಾಲು ಉಳಿದರೆ ಅದರ ಫೋಟೋ ನನಗೆ ಕಳುಹಿಸಿ. ಅಲ್ಲಿಯ ತನಕ 22,500 ನಿಮ್ಮ ಖಾತೆಯಲ್ಲೇ ಇರಲಿ.